ಹೆರಿಗೆ ವೇಳೆ ಉಸಿರುಗಟ್ಟಿ ಸೆರೆಬ್ರಲ್ ಪಾಲ್ಸಿ: ಮೊದಲು ಯಾವ ದಾಖಲೆ ಕೇಳಬೇಕು?

ಪ್ರಶ್ನೆ: ಹುಟ್ಟಿದಾಗ ಮಗು ಅಳಲಿಲ್ಲ, ಈಗ ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಬರುವ ಚಲನೆಯ ತೊಂದರೆ) ಎಂದಿದ್ದಾರೆ. ವೈದ್ಯರ ನಿರ್ಲಕ್ಷ್ಯ ಅಂತ ತೋರಿಸೋದು ಹೇಗೆ?

ಉತ್ತರ 1: ಆಸ್ಪತ್ರೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, 72 ಗಂಟೆಯೊಳಗೆ ದಾಖಲೆ ಕೊಡಬೇಕು. ಪಾರ್ಟೋಗ್ರಾಮ್ (ಹೆರಿಗೆಯ ಪ್ರಗತಿ ದಾಖಲಿಸುವ ನಕ್ಷೆ), ಸಿಟಿಜಿ ಪಟ್ಟಿ (ಮಗುವಿನ ಹೃದಯ ಬಡಿತ ಮತ್ತು ಹೆರಿಗೆ ನೋವಿನ ದಾಖಲೆ), ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಟಿಪ್ಪಣಿ ಬಿಡಬೇಡಿ. ಸಿಟಿಜಿ ಥರ್ಮಲ್ ಕಾಗದ ಮಾಸುತ್ತೆ, ಕೂಡಲೇ ಸ್ಕ್ಯಾನ್ ಮಾಡಿಸಿ.

ಉತ್ತರ 2: ಕಾಗದವಷ್ಟೇ ಸಾಲದು, ಹೆರಿಗೆ ವೇಳೆಯ ಉಸಿರುಗಟ್ಟುವಿಕೆಯೇ ಕಾರಣ ಅನ್ನೋ ಕೊಂಡಿ ಬೇಕು. ಹೊಕ್ಕುಳಬಳ್ಳಿ ರಕ್ತದ ಪಿಎಚ್ (ಆಮ್ಲೀಯತೆಯ ಅಳತೆ) 7.0ಕ್ಕಿಂತ ಕಡಿಮೆ, 5 ಮತ್ತು 10ನೇ ನಿಮಿಷದ ಅಪ್ಗಾರ್ (ಹುಟ್ಟಿದ ಮಗುವಿನ ಸ್ಥಿತಿಗೆ 10ಕ್ಕೆ ಕೊಡುವ ಅಂಕ) 5ಕ್ಕಿಂತ ಕಡಿಮೆ, ಎಂಆರ್‌ಐಯಲ್ಲಿ ಮೆದುಳಿನ ಒಳಭಾಗಗಳಾದ ಬೇಸಲ್ ಗ್ಯಾಂಗ್ಲಿಯಾ, ಥಲಾಮಸ್‌ಗೆ ಹಾನಿ ಇದ್ದರೆ ವಾದ ಗಟ್ಟಿ. ಬಹುಪಾಲು ಸೆರೆಬ್ರಲ್ ಪಾಲ್ಸಿಯ ಮೂಲ ಹೆರಿಗೆಗೂ ಮುಂಚೆಯೇ ಇರುತ್ತೆ; ಎದುರು ವಕೀಲರು ಹಿಡಿಯೋದೇ ಅದನ್ನು.

ಉತ್ತರ 3: ಗಡುವು ಮರೀಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಕಲಂ 69: ದೂರು ಕೊಡಲು 2 ವರ್ಷ. ಮೀರಿದ್ದರೆ ವಿಳಂಬಕ್ಕೆ ಕಾರಣ ಕೊಟ್ಟು ಪ್ರತ್ಯೇಕ ಅರ್ಜಿ. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಯಾದರೆ ಗ್ರಾಹಕ ಆಯೋಗವಲ್ಲ, ಸಿವಿಲ್ ಕೋರ್ಟ್.