ಪದಚರ್ಚೆ: ಲಾವಾ ನಡುವೆ ಉಳಿದ ಕಾಡಿನ ತುಂಡಿಗೆ (‘ಕೀಪುಕ’) ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮಕ್ಕಳ ಪತ್ರಿಕೆಯೊಂದಕ್ಕೆ ಹವಾಯಿ ದ್ವೀಪಗಳ ಮಳೆಕಾಡಿನ ಬಗ್ಗೆ ಬರೆಯುತ್ತಿದ್ದೇನೆ. ಒಂದೇ ಒಂದು ಪದ ನಾಲ್ಕು ದಿನದಿಂದ ತಲೆ ತಿನ್ನುತ್ತಿದೆ. ನಿಮ್ಮ ಮುಂದೆ ಇಡುತ್ತೇನೆ.

ಪದ ‘ಕೀಪುಕ’. ಹವಾಯಿ ಭಾಷೆಯದು. ಮೌನಾ ಲೋವಾದಂಥ ಜ್ವಾಲಾಮುಖಿಯಿಂದ ಲಾವಾ ಇಳಿಯುವಾಗ ಎತ್ತರದ ದಿಬ್ಬ ಸಿಕ್ಕರೆ ಅದನ್ನು ಹತ್ತುವುದಿಲ್ಲ, ಎರಡೂ ಕಡೆಯಿಂದ ಬಳಸಿಕೊಂಡು ಹೋಗಿ ಕೆಳಗೆ ಮತ್ತೆ ಕೂಡಿಕೊಳ್ಳುತ್ತದೆ. ಸುತ್ತ ಇದ್ದದ್ದೆಲ್ಲ ಸುಟ್ಟು ಹೂತುಹೋಗುತ್ತದೆ. ನಡುವಿನ ದಿಬ್ಬ ಮಾತ್ರ ತನ್ನ ಹಳೇ ಮಣ್ಣು, ಹಳೇ ಮರಗಳ ಜೊತೆ ಹಾಗೇ ಉಳಿಯುತ್ತದೆ. ಕಪ್ಪು ಕಲ್ಲಿನ ಬಯಲಲ್ಲಿ ಒಂದು ಹಸಿರು ತುಂಡು. ಅದೇ ಕೀಪುಕ. 1855ರಲ್ಲಿ ಮೌನಾ ಲೋವಾದಿಂದ ಹರಿದ ಲಾವಾದ ನಡುವೆ ಇಂಥವು ಎಷ್ಟೋ ಇವೆ. ಕೆಲವು ನಾಲ್ಕು ಮರದಷ್ಟು ಚಿಕ್ಕವು, ಕೆಲವು ದೊಡ್ಡ ಕಾಡೇ.

ಮೊದಲು ಹೊಳೆದದ್ದು ‘ಕುದುರು’. ನೇತ್ರಾವತಿಯ ನಡುವೆ ತೆಂಗು ತುಂಬಿಕೊಂಡು ಕೂತಿರುವ ಕುದುರುಗಳನ್ನು ನೋಡಿದವರಿಗೆ ಚಿತ್ರ ತಟ್ಟನೆ ಬರುತ್ತದೆ. ಹರಿಯುವ ನೀರಿನ ಜಾಗದಲ್ಲಿ ಹರಿಯುವ ಲಾವಾ, ಅಷ್ಟೇ ಅಲ್ವಾ ಅಂದುಕೊಂಡೆ. ಖುಷಿಯಲ್ಲಿ ಎರಡು ಪುಟ ಬರೆದೂ ಬಿಟ್ಟೆ.

ಆಮೇಲೆ ತಪ್ಪು ಕಂಡಿತು. ಕುದುರನ್ನು ಕಟ್ಟುವುದು ಹೊಳೆ. ಮಣ್ಣು, ಮರಳು ತಂದು ಹಾಕಿ ಹಾಕಿ ಎಬ್ಬಿಸಿದ ನೆಲ ಅದು. ಅಲ್ಲಿ ಹೊಳೆ ಹಳೆಯದು, ಕುದುರು ಹೊಸದು. ಕೀಪುಕದ ಕಥೆ ಪೂರ್ತಿ ಉಲ್ಟಾ. ಸುತ್ತಲಿನ ಕಲ್ಲು ನಿನ್ನೆ ಮೊನ್ನೆಯದು, ನಡುವಿನ ನೆಲವೇ ಹಳೆಯದು. ಈ ವಯಸ್ಸಿನ ಲೆಕ್ಕ ತಪ್ಪಿದರೆ ಪದದ ಜೀವವೇ ಹೋಗುತ್ತದೆ. ಯಾಕೆ ಅಂತ ಸ್ವಲ್ಪ ಹೇಳುತ್ತೇನೆ.

ಹೊಸ ಲಾವಾ ಮೇಲೆ ಮಣ್ಣೇ ಇರುವುದಿಲ್ಲ. ಗಿಡಕ್ಕೆ ಬೇಕಾದ ಸಾರಜನಕವಂತೂ ಇಲ್ಲವೇ ಇಲ್ಲ ಅನ್ನಬಹುದು. ಮೊದಲು ಬರುವುದು ಬೂದುಬಣ್ಣದ ಒಂದು ಕಲ್ಲುಹೂವು. (ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ದೂರದ ನಂಟ ಅನ್ನಿ. ಈ ಪದ ನಮ್ಮಲ್ಲಿ ಎಷ್ಟು ಚೆನ್ನಾಗಿದೆ ನೋಡಿ, ಯಾರೂ ಕೂತು ರಚಿಸಿದ್ದಲ್ಲ.) ಅದು ಗಾಳಿಯ ಸಾರಜನಕವನ್ನು ಹಿಡಿದುಕೊಳ್ಳುತ್ತದೆ. ಹಿಂದೆಯೇ ಜರಿಗಿಡಗಳು ಬರುತ್ತವೆ, ಅವುಗಳ ಜೊತೆ ‘ಓಹಿಯ’ ಮರ. ಓಹಿಯ ನಮ್ಮ ನೇರಳೆ, ಪೇರಲೆಗಳ ಕುಟುಂಬದ್ದು. ಕೆಂಪು ಕುಚ್ಚಿನಂಥ ಹೂವು, ಅದಕ್ಕೆ ‘ಲೆಹುವ’ ಅನ್ನುತ್ತಾರೆ. ಬೀಜ ಎಷ್ಟು ಸಣ್ಣದು ಅಂದರೆ ಅಂಗೈ ಮೇಲಿಟ್ಟು ಉಸಿರು ಬಿಟ್ಟರೆ ಸಾಕು, ಹಾರಿಹೋಗುತ್ತದೆ. ಗಾಳಿ ಅದನ್ನು ಲಾವಾದ ಬಿರುಕಿಗೆ ತಂದು ಬೀಳಿಸುತ್ತದೆ. ಆದರೆ ಆ ಬೀಜ ಎಲ್ಲಿಂದ ಬರಬೇಕು? ಹತ್ತಿರದ ಕೀಪುಕದಿಂದ. ಹಳೇ ಕಾಡೇ ಹೊಸ ನೆಲಕ್ಕೆ ಬಿತ್ತನೆ ಬೀಜದ ಕಣಜ. ‘ಉಳಿದ ಚೂರು’ ಅನ್ನುವ ಅರ್ಥ ಮಾತ್ರ ಬರುವ ಪದ ಹಾಕಿದರೆ ಈ ಅರ್ಧ ಕಥೆ ಕಳೆದುಹೋಗುತ್ತದೆ.

ಇನ್ನೊಂದು ಮುಖವೂ ಇದೆ. ಒಂದು ಕೀಪುಕದ ಸಣ್ಣ ಜೀವಿಗಳಿಗೆ ಪಕ್ಕದ ಕೀಪುಕ ದೂರದ ಊರು. ಹ್ಯಾಂಪ್ಟನ್ ಕಾರ್ಸನ್ ಅನ್ನುವ ತಳಿವಿಜ್ಞಾನಿ ಹವಾಯಿಯ ಹಣ್ಣುನೊಣಗಳನ್ನು ವರ್ಷಗಟ್ಟಲೆ ನೋಡಿದವರು. ಕೆಲವೇ ನೊಣಗಳು ಹೀಗೆ ಬೇರೆಯಾಗಿ ಉಳಿದರೆ, ತಲೆಮಾರು ಕಳೆದಂತೆ ಅವುಗಳ ದಾರಿಯೇ ಬೇರೆಯಾಗಬಹುದು. ಹವಾಯಿಯೇ ಹತ್ತಿರದ ಖಂಡದಿಂದ ಸುಮಾರು 3,800 ಕಿ.ಮೀ. ದೂರ. ಅಂಥ ದ್ವೀಪದೊಳಗೆ ಮತ್ತೆ ಇಂಥ ದ್ವೀಪಗಳು.

ಈಗ ಪದಕ್ಕೆ ವಾಪಸ್. ಹವಾಯಿಯವರು ಇದನ್ನು ದ್ವೀಪ ಅಂದೇ ಇಲ್ಲ! ‘ಪುಕ’ ಅಂದರೆ ಅವರಲ್ಲಿ ತೂತು, ಕಂಡಿ. ಕೀಪುಕ ಪದವನ್ನು ದಟ್ಟ ಕಾಡಿನ ನಡುವಿನ ತೆರಪಿಗೂ ಬಳಸುತ್ತಾರೆ, ಮೋಡ ಹರಿದು ಕಾಣುವ ಜಾಗಕ್ಕೂ, ಅಲೆಯೆದ್ದ ಕಡಲಲ್ಲಿ ಶಾಂತವಾಗಿರುವ ನೀರಿಗೂ. ಅಂದರೆ ಸುತ್ತ ಒಂದು ಥರ, ನಡುವೆ ಇನ್ನೊಂದು ಥರ ಇದ್ದರೆ ಆ ನಡುವಿನದು ಕೀಪುಕ. ನಾವು ಲಾವಾದ ಮೇಲೆದ್ದ ಕಾಡು ನೋಡುತ್ತೇವೆ, ಅವರು ಲಾವಾ ಹೊದಿಕೆಯಲ್ಲಿ ಬಿದ್ದ ಕಿಂಡಿ ನೋಡಿದ್ದಾರೆ. ‘ಕಿಂಡಿಗಾಡು’ ಅಂತ ಬರೆದು ನೋಡಿದೆ. ಓದಿದ ಮಗಳು ನಕ್ಕಳು. ಹೊಡೆದುಹಾಕಿದೆ.

ಉಳಿದ ಪ್ರಯತ್ನಗಳು: ‘ನಡುಗಡ್ಡೆ’ ಎಲ್ಲರಿಗೂ ಗೊತ್ತು, ಆದರೆ ಕೇಳಿದ ಕೂಡಲೇ ನೀರೇ ಕಾಣುತ್ತದೆ. ರಾಯಚೂರು ಕಡೆ ಕೃಷ್ಣೆಯ ನಡುವಿನ ಕಡದರಗಡ್ಡಿಯಂಥ ಊರಿನ ಹೆಸರಲ್ಲೇ ಗಡ್ಡಿ ಇದೆ. ಹಾಗಾದರೆ ಉಳಿದ ಗಡ್ಡೆ, ‘ಉಳಿಗಡ್ಡೆ’ ಅನ್ನೋಣವೇ ಎಂದು ಧಾರವಾಡದ ಗೆಳೆಯನಿಗೆ ಫೋನ್ ಮಾಡಿದೆ. “ಉಳ್ಳಾಗಡ್ಡಿ ಕೆಜಿಗೆ ಎಷ್ಟಂತೋ?” ಅಂದ. ಅದೂ ಹೋಯಿತು. ‘ಕಾನು’ ನನಗೆ ಬಹಳ ಇಷ್ಟದ ಪದ. ಸೊರಬ, ಸಿರಸಿ ಕಡೆ ನಿತ್ಯಹಸಿರಿನ ದಟ್ಟ ಕಾಡಿಗೆ ಹಾಗೇ ಅನ್ನುವುದು. ಆದರೆ ಸುತ್ತ ಏನಾಗಿದೆ ಅನ್ನುವುದು ಆ ಪದದಲ್ಲಿಲ್ಲ. ‘ಬನ’ ಅಂದರೆ ನಾಗರು ಬಂದು ಕೂರುತ್ತಾರೆ.

ಕಡೆಗೆ ನೆನಪಾದದ್ದು ನಮ್ಮದೇ ಶರಾವತಿ ಹಿನ್ನೀರು. ಅಲ್ಲಿ ವಯಸ್ಸಿನ ಲೆಕ್ಕ ಸರಿಹೋಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಆದಮೇಲೆ ಕಣಿವೆಯೆಲ್ಲ ಮುಳುಗಡೆಯಾಗಿ ಗುಡ್ಡದ ತಲೆಗಳು ಮಾತ್ರ ನೀರಿನ ಮೇಲೆ ಉಳಿದವು. ನೆಲ ಹಳೆಯದು, ಸುತ್ತಲಿನ ನೀರು ಹೊಸದು. ಮುಳುಗಡೆಗೆ ಹೆಸರಿದೆ, ಮುಳುಗದೆ ಉಳಿದದ್ದಕ್ಕೂ ಇರಬೇಕಲ್ಲ ಅಂತ ಆ ಕಡೆಯವರಾದ ದೊಡ್ಡಮ್ಮನನ್ನು ಕೇಳಿದೆ. ಮುಳುಗಡೆಯ ಕಾಲಕ್ಕೆ ಅವರು ಸಣ್ಣ ಹುಡುಗಿ. ಅಡಿಕೆ ಸುಲಿಯುತ್ತಿದ್ದವರು ಕತ್ತಿಯಿಂದ ಕಣ್ಣು ತೆಗೆಯದೆ ಹೇಳಿದರು: “ಅದ್ಕೆಂತ ಹೆಸ್ರು? ಅದು ನಮ್ಮ ದನ ಮೇಯ್ತಿದ್ದ ಗುಡ್ಡ. ನೀರು ಬಂತು ಅಂತ ಗುಡ್ಡದ ಹೆಸ್ರು ಬದ್ಲಾಗ್ತದಾ?”

ನಾನು ಸುಮ್ನೆ ಕೂತೆ. ಯಾಕೆಂದರೆ ಹವಾಯಿಯಲ್ಲೂ ಒಂದೊಂದಕ್ಕೂ ಅದರದ್ದೇ ಹೆಸರಿದೆ: ಕೀಪುಕ ಪುವಾಉಲು, ಕೀಪುಕ ಕೀ, ಹೀಗೆ. ಹತ್ತಿರ ಇರುವವರಿಗೆ ಜಾಗದ ಹೆಸರು ಸಾಕು. ಜಾತಿಯ ಹೆಸರು ಬೇಕಾಗುವುದು ನನ್ನಂಥ ದೂರದವರಿಗೆ.

ಸದ್ಯಕ್ಕೆ ‘ಕೀಪುಕ’ ಅಂತಲೇ ಬರೆದು, ಮೊದಲ ಸಲ ಬಂದಾಗ ಎರಡು ಸಾಲಲ್ಲಿ ಬಿಡಿಸಿ ಹೇಳಿದ್ದೇನೆ. ಹವಾಯಿಯವರ ‘ಪಾಹೋಎಹೋಎ’ (ನುಣುಪು ಲಾವಾ), ‘ಆಆ’ (ಮುಳ್ಳುಮುಳ್ಳಾದ ಲಾವಾ) ಪದಗಳನ್ನು ಭೂವಿಜ್ಞಾನದವರು ಎಲ್ಲ ಕಡೆ ಹಾಗೇ ಬಳಸುತ್ತಾರಲ್ಲ, ಇದೊಂದು ಜಾಸ್ತಿ ಆದರೆ ನಷ್ಟವಿಲ್ಲ. ಆದರೂ ಮನಸ್ಸು ಒಪ್ಪುತ್ತಿಲ್ಲ. ಹತ್ತು ವರ್ಷದ ಮಗುವಿಗೆ ಓದಿದ ಕೂಡಲೇ ಕಣ್ಣಿಗೆ ಕಟ್ಟಬೇಕು.

ಜೊತೆಗೆ ಒಂದು ಸಣ್ಣ ಪ್ರಶ್ನೆ. ಅಲ್ಲಿನ ದಟ್ಟ ಕಾಡಿನಲ್ಲಿ ಓಹಿಯ ಸಸಿ ಎಷ್ಟೋ ಸಲ ನೆಲದಲ್ಲಿ ಹುಟ್ಟುವುದಿಲ್ಲ. ಮರದೆತ್ತರದ ಜರಿಗಿಡದ ಕಾಂಡದ ಮೇಲೆ ಮೊಳೆತು, ಆಮೇಲೆ ಬೇರನ್ನು ನೆಲಕ್ಕೆ ಇಳಿಸುತ್ತದೆ. ಇದನ್ನು ‘ಬದನಿಕೆ’ ಅನ್ನಲಾರೆ, ಬದನಿಕೆ ಆಸರೆ ಕೊಟ್ಟ ಮರದ ರಸಕ್ಕೇ ಬಾಯಿ ಹಾಕುತ್ತದೆ. ಇದು ಬರೀ ಹೆಗಲು ಕೇಳುತ್ತದೆ. ನಿಮ್ಮ ಕಡೆ ತೆಂಗು, ತಾಳೆ ಮರದ ಮೇಲೆ ಹುಟ್ಟಿದ ಅರಳಿ, ಆಲದ ಸಸಿಗೆ ಬೇರೆ ಹೆಸರಿದೆಯೇ?

ಕೀಪುಕದ ಬಗ್ಗೆ ಕೇಳುವುದೂ ಹೀಗೇ. ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದು ಎಲ್ಲ ಕರಕಲಾದರೂ, ನಡುವೆ ಎಲ್ಲೋ ಒಂದು ತುಂಡು ಸುಡದೆ ಹಸಿರಾಗಿ ನಿಂತಿರುತ್ತದಲ್ಲ, ಅದಕ್ಕೆ ನಿಮ್ಮ ಊರಲ್ಲಿ ಏನನ್ನುತ್ತಾರೆ? ದನ ಕಾಯುವವರು, ಸೊಪ್ಪು ತರುವವರು ಬಳಸುವ ಮಾತಿದ್ದರೆ ಇನ್ನೂ ಒಳ್ಳೆಯದು. ಊರಿನ ಹೆಸರನ್ನೂ ಸೇರಿಸಿ ಬರೆಯಿರಿ.