ಬಳ್ಳಾರಿ ಬಿಸಿಲಲ್ಲಿ 3.8 ಜಾಗ್ವಾರ್: ಬಂಕಿನ ಇ20 ಸಾಕೋ, 100 ಆಕ್ಟೇನೇ ಬೇಕೋ?

ಕೌಲ್‌ಬಜಾರ್_6ಸಿಲಿಂಡರ್:
ನಮಸ್ಕಾರ. ಗಾಡಿ 1962ರ ಜಾಗ್ವಾರ್ ಮಾರ್ಕ್ 2, 3.8 ಲೀಟರ್ ಎಕ್ಸ್‌ಕೆ ಇಂಜಿನ್, ಎರಡು ಎಸ್‌ಯು ಎಚ್‌ಡಿ6 ಕಾರ್ಬುರೇಟರ್. ಸದ್ಯ ಹಾಕುತ್ತಿರುವುದು ಬಂಕಿನ ಮಾಮೂಲಿ ಪೆಟ್ರೋಲ್, ಅಂದರೆ ಶೇ. 20 ಎಥನಾಲ್ ಬೆರೆತ ಇ20. ತೊಂದರೆ ಎರಡು. ಮಧ್ಯಾಹ್ನದ ಬಿಸಿಲಲ್ಲಿ ಸಂಡೂರು ಏರು ಹತ್ತುವಾಗ ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕಿಣಿಕಿಣಿ ಎನ್ನುತ್ತದೆ, ಕಾಲು ಸಡಿಲಿಸಿದರೆ ನಿಲ್ಲುತ್ತದೆ. ಇನ್ನೊಂದು, ಬಿಸಿ ಇಂಜಿನ್ ಆಫ್ ಮಾಡಿ ಕಾಲು ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಬೇಗ ಸ್ಟಾರ್ಟ್ ಆಗಲ್ಲ, ಪೆಟ್ರೋಲ್ ವಾಸನೆ ಬರುತ್ತದೆ. ಬೆಂಗಳೂರಿಂದ 100 ಆಕ್ಟೇನಿನ ಎಕ್ಸ್‌ಪಿ100 ಪೆಟ್ರೋಲ್ (ಆಕ್ಟೇನ್ ಹೆಚ್ಚಿದಷ್ಟೂ ಕಿಣಿಕಿಣಿ ಕಡಿಮೆ ಅಂತಾರೆ) ತರಿಸಬೇಕಾ, ಆಕ್ಟೇನ್ ಬೂಸ್ಟರ್ ಬಾಟಲಿ ಸಾಕಾ, ಸೀಸದ ಬದಲಿಗೆ ಅಂತ ಮಾರುವ ದ್ರವವೂ ಬೇಕಾ? ಪೆಟ್ರೋಲಿಗೆ ನೀರು ಹಾಕಿ ಎಥನಾಲ್ ತೆಗೆಯಬಹುದು ಅಂತಲೂ ಕೆಲವರು ಹೇಳುತ್ತಾರೆ.

ಗಂಗಾವತಿ_ಟ್ಯೂನರ್:
ಸರ್, ಪೆಟ್ರೋಲ್ ಆಮೇಲೆ, ಮೊದಲು ಇಂಜಿನ್ನಿನ ಕಂಪ್ರೆಷನ್ ರೇಶಿಯೋ (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಲೆಕ್ಕ) ಎಷ್ಟು ಅಂತ ಗೊತ್ತಾಗಬೇಕು. ಎಕ್ಸ್‌ಕೆ ಇಂಜಿನ್ 7, 8, 9 ಮೂರೂ ರೇಶಿಯೋದಲ್ಲಿ ಬಂದಿದೆ. ಆಯಿಲ್ ಫಿಲ್ಟರ್ ಮೇಲ್ಗಡೆ ಬ್ಲಾಕಿನ ಮೇಲೆ ಕೊರೆದಿರುವ ಇಂಜಿನ್ ನಂಬರ್ ನೋಡಿ, ಕೊನೆಯ ಅಂಕಿಯೇ ರೇಶಿಯೋ. 7ಕ್ಕೆ 91 ಆಕ್ಟೇನ್ ಸಾಕು, 8ಕ್ಕೆ 95 ಬೇಕು. 9 ಇದ್ದರೆ 97ಕ್ಕಿಂತ ಕೆಳಗೆ ಇಳಿಯಬೇಡಿ. ನಾನು ಹೇಳುತ್ತಿರುವುದೆಲ್ಲ ರಾನ್ ಲೆಕ್ಕ, ನಮ್ಮಲ್ಲಿ ಬಳಸುವ ಆಕ್ಟೇನ್ ಅಳತೆ. ಅಮೆರಿಕದವರು ಬರೆಯುವ 91 ಬೇರೆ ಅಳತೆ, ರಾನ್‌ನಲ್ಲಿ ಅದು ಸುಮಾರು 95–96 ಆಗುತ್ತದೆ. ಅಲ್ಲಿನ ಸಲಹೆ ಓದಿ ಇಲ್ಲಿ 91 ಹಾಕಿದರೆ ಇಂಜಿನ್ ಹೊಡೆಯುವುದು (ಅದೇ ಕಿಣಿಕಿಣಿ, ನಾಕಿಂಗ್) ಖಂಡಿತ.

ಅರವತ್ತು ವರ್ಷದ ಇಂಜಿನ್ನಿನಲ್ಲಿ ನಂಬರನ್ನೂ ಪೂರ್ತಿ ನಂಬಲಾಗದು. ಪಿಸ್ಟನ್ ಬದಲಾಗಿರಬಹುದು, ಹೆಡ್ ಫೇಸಿಂಗ್ (ಹೆಡ್ಡಿನ ಕೆಳಮೈ ತುಸು ಸವರಿ ಸಮ ಮಾಡುವುದು) ಆಗಿರಬಹುದು. ಅಳೆದೇ ನೋಡಿ. ಬೋರ್ 87, ಸ್ಟ್ರೋಕ್ 106 ಮಿ.ಮೀ., ಅಂದರೆ ಒಂದು ಸಿಲಿಂಡರಿಗೆ 630 ಸಿಸಿ. ಪಿಸ್ಟನ್ ಮೇಲಿನ ತುದಿಗೆ ತಂದು, ಎರಡೂ ವಾಲ್ವ್ ಮುಚ್ಚಿರುವಾಗ, ಪ್ಲಗ್ ತೂತಿನ ಥ್ರೆಡ್ಡಿನ ಕೆಳ ಅಂಚಿನವರೆಗೆ ಬ್ಯುರೆಟ್‌ನಿಂದ ತೆಳು ಆಯಿಲ್ ಬಿಡಿ. 90 ಸಿಸಿ ಹಿಡಿದರೆ ರೇಶಿಯೋ 8, 79 ಹಿಡಿದರೆ 9. ಮಟ್ಟ ನಿಲ್ಲದೆ ಇಳಿಯುತ್ತಿದ್ದರೆ ರಿಂಗಿನಲ್ಲಿ ಸೋರುತ್ತಿದೆ ಎಂದರ್ಥ, ಆ ಅಳತೆ ಬಿಟ್ಟು ಬೇರೆ ಸಿಲಿಂಡರ್ ನೋಡಿ. ಅಳೆದ ಮೇಲೆ ಪ್ಲಗ್ ತೆಗೆದೇ ಇಂಜಿನ್ ತಿರುಗಿಸಿ ಆಯಿಲ್ ಪೂರ್ತಿ ಹೊರಹಾಕಿ, ಇಲ್ಲದಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಜೊತೆಗೆ ಟೈಮಿಂಗ್, ಅಂದರೆ ಪ್ಲಗ್ಗಿನ ಕಿಡಿ ಬೀಳುವ ಹೊತ್ತು. ಕ್ರ್ಯಾಂಕ್ ಮುಂದಿನ ಡ್ಯಾಂಪರ್ ಎರಡು ಭಾಗದ್ದು, ನಡುವೆ ರಬ್ಬರ್. ರಬ್ಬರ್ ಹಳತಾದರೆ ಹೊರಬಳೆ ಜಾರಿ ಟೈಮಿಂಗ್ ಗುರುತೇ ಸುಳ್ಳಾಗುತ್ತದೆ. ಪಿಸ್ಟನ್ ಸ್ಟಾಪ್ ಹಾಕಿ ನಿಜವಾದ ಟಿಡಿಸಿ (ಪಿಸ್ಟನ್ ತೀರಾ ಮೇಲಿರುವ ಬಿಂದು) ಹುಡುಕಿದ ಮೇಲಷ್ಟೇ ಟೈಮಿಂಗ್ ಲೈಟ್ ಹಿಡಿಯಿರಿ. ನೆನಪಿರಲಿ, ಜಾಗ್ವಾರ್‌ನಲ್ಲಿ 1ನೇ ಸಿಲಿಂಡರ್ ಗೇರ್‌ಬಾಕ್ಸ್ ಕಡೆಯದು, ರೇಡಿಯೇಟರ್ ಕಡೆಯದು 6. ಡಿಸ್ಟ್ರಿಬ್ಯೂಟರ್ ಒಳಗಿನ ಸ್ಪ್ರಿಂಗ್ ಸಡಿಲವಾಗಿದ್ದರೂ ಅಡ್ವಾನ್ಸ್ (ಕಿಡಿ ಮುಂಚಿತವಾಗಿ ಬೀಳುವುದು) ಬೇಕಾದ್ದಕ್ಕಿಂತ ಮೊದಲೇ ಬಂದುಬಿಡುತ್ತದೆ. ಅದಕ್ಕೆ ದುಬಾರಿ ಪೆಟ್ರೋಲ್ ಮದ್ದಲ್ಲ.

ನೀರು ಹಾಕಿ ಎಥನಾಲ್ ತೆಗೆಯುವ ವಿದ್ಯೆ ದಯವಿಟ್ಟು ಬೇಡ. ಇ20ಗೆ 95ರ ಆಸುಪಾಸಿನ ಆಕ್ಟೇನ್ ಬರುವುದೇ ಎಥನಾಲ್‌ನಿಂದ. ಅದನ್ನು ತೊಳೆದು ತೆಗೆದರೆ ಉಳಿಯುವುದು ಕಡಿಮೆ ಆಕ್ಟೇನಿನ, ತೇವ ಹಿಡಿದ ಪೆಟ್ರೋಲ್. ನಿಮ್ಮ ಇಂಜಿನ್ನಿಗೆ ಅದಕ್ಕಿಂತ ಕೆಟ್ಟದ್ದು ಇಲ್ಲ.

ರಾಯಚೂರು_ಸ್ಪ್ಯಾನರ್:
ರಬ್ಬರಿನ ಬಗ್ಗೆ ಯಾರೂ ಹೇಳಿಲ್ರಿ. ಇ20 ಹಾಕೋದಾದ್ರ ಮೊದ್ಲ ಪೈಪ್ ಬದಲಿ ಮಾಡ್ರಿ. ಹಳೇ ನೈಟ್ರೈಲ್ ರಬ್ಬರ್ ಉಬ್ಬಿ, ಒಳಗಿನಿಂದ ಸುಲಿದು ಕರೀ ಚೂರಾಗಿ ಫ್ಲೋಟ್ ನೀಡಲ್ ಸೀಟಿನಾಗ ಕೂಡ್ತೈತಿ, ಕಾರ್ಬುರೇಟರ್ ಓವರ್‌ಫ್ಲೋ ಆಗ್ತೈತಿ. ಎಸ್‌ಎಇ ಜೆ30 ಆರ್9 ಅಂತ ಮೈಮ್ಯಾಲೆ ಬರೆದಿರೋ ಹೋಸ್ ತಗೊಳ್ರಿ. ಬರೇ ‘ಪೆಟ್ರೋಲ್ ಪೈಪ್’ ಅಂತ ಕೇಳಿದ್ರ ಅಂಗಡಿಯವ ಆರ್6 ಕೊಡ್ತಾನ, ಅದು ಬ್ಯಾಡ್ರಿ. ಎಚ್‌ಡಿ6ನಾಗ ಜೆಟ್ಟಿನ ಕೆಳಗ ಒಂದು ರಬ್ಬರ್ ಡಯಾಫ್ರಾಮ್ ಐತಿ, ಎಸ್‌ಯು ಪಂಪಿನಾಗೂ ಐತಿ. ಎರಡನ್ನೂ ಎಥನಾಲ್ ತಡಿಯೋ ಕಿಟ್ ತರಿಸಿ ಹಾಕ್ರಿ. ಟ್ಯಾಂಕಿನ ಒಳಗ ಹಳೇ ಸೀಲರ್ ಬಳಿದಿದ್ರ ಅದೂ ಕರಗಿ ಬರ್ತೈತಿ. ಮೊದಲ ಎರಡು ಟ್ಯಾಂಕ್ ಮುಗಿಯೋತನ ಫಿಲ್ಟರ್ ಬಿಚ್ಚಿ ನೋಡ್ತಾ ಇರ್ರಿ.

ಬಿಸಿ ಸ್ಟಾರ್ಟಿಂಗ್ ತ್ರಾಸಿಗೆ ಪೆಟ್ರೋಲ್ ಒಂದೇ ಕಾರಣ ಅಲ್ರಿ. ಮಾರ್ಕ್ 2ನಾಗ ಕೈಯಿಂದ ಎಳಿಯೋ ಚೋಕ್ ಇಲ್ಲ, ಕರೆಂಟಿನ ಸ್ಟಾರ್ಟಿಂಗ್ ಕಾರ್ಬುರೇಟರ್ ಐತಿ. ಇಂಜಿನ್ ಕಾದ ಮ್ಯಾಲೆ ಅದನ್ನ ಬಂದ್ ಮಾಡೋದು ಮ್ಯಾನಿಫೋಲ್ಡ್ ಮ್ಯಾಲಿನ ಆಟ್ಟರ್ ಸ್ವಿಚ್. ಅದು ಕಚ್ಚಿಕೊಂಡ್ರ ಬಿಸಿಯಾಗೂ ಪೆಟ್ರೋಲ್ ಸುರಿತಾ ಇರ್ತೈತಿ. ಕಾದ ಇಂಜಿನ್ ಐಡಲ್‌ನಾಗ ಇದ್ದಾಗ ಸೊಲೆನಾಯ್ಡ್ ವಯರ್ ಕಿತ್ತು ನೋಡ್ರಿ. ಬುಸ್ ಅನ್ನೋ ಸಪ್ಪಳ ನಿಂತು ಓಟ ಬದಲಾದ್ರ ಸ್ವಿಚ್ಚೇ ಕಳ್ಳ.

ಕೌಲ್‌ಬಜಾರ್_6ಸಿಲಿಂಡರ್:
ವಯರ್ ಕಿತ್ತಾಗ ಬುಸ್ ನಿಂತಿತು, ಸ್ವಿಚ್ ತರಿಸುತ್ತೇನೆ. ಇಂಜಿನ್ ನಂಬರ್ ಕೊನೆಗೆ 8 ಇದೆ. ಆದರೆ ಅಳೆದರೆ 83 ಸಿಸಿ ಬರುತ್ತಿದೆ, ಬೋರ್ ಸ್ಟ್ಯಾಂಡರ್ಡ್. ಡ್ಯಾಂಪರ್ ಗುರುತು ಸರಿಯಾಗಿದೆ. ಈಗ ಯಾವ ಪೆಟ್ರೋಲ್? ತೋರಣಗಲ್ಲು ಏರ್‌ಪೋರ್ಟಿನ ವಿಮಾನದ ಪೆಟ್ರೋಲ್ ಒಳ್ಳೆಯದು ಅಂತಾನೆ ಗ್ಯಾರೇಜಿನವ.

ಗಂಗಾವತಿ_ಟ್ಯೂನರ್:
83 ಸಿಸಿ ಅಂದರೆ ರೇಶಿಯೋ 8.6. ಹೆಡ್ ಫೇಸಿಂಗ್ ಆಗಿದೆ, ಇಲ್ಲವೇ ಕಾರ್ಬನ್ ದಪ್ಪ ಕೂತಿದೆ. ಪ್ಲಗ್ ತೂತಿನಿಂದ ಕ್ಯಾಮೆರಾ ಇಳಿಸಿ ನೋಡಿ. ಕಾರ್ಬನ್ ಆಗಿದ್ದರೆ ಅದನ್ನು ತೆಗೆಯುವುದೇ ಅತಿ ಅಗ್ಗದ ಆಕ್ಟೇನ್.

ಏರ್‌ಪೋರ್ಟಿನಲ್ಲಿ ಪ್ರಯಾಣಿಕರ ವಿಮಾನಕ್ಕೆ ತುಂಬುವ ಎಟಿಎಫ್ ಸೀಮೆಎಣ್ಣೆಯ ಜಾತಿಯದು. ಕಾರಿಗೆ ಹಾಕಿದರೆ ಪಿಸ್ಟನ್ ತೂತಾಗುತ್ತದೆ. ಸಣ್ಣ ಪಿಸ್ಟನ್ ವಿಮಾನಗಳ ಆವ್‌ಗ್ಯಾಸ್ 100ಎಲ್‌ಎಲ್ ಬೇರೆ ವಸ್ತು, ಅದರಲ್ಲಿ ಸೀಸ ಇದೆ. ನಮ್ಮ ದೇಶದಲ್ಲಿ ರಸ್ತೆ ಗಾಡಿಗೆ ಸೀಸದ ಪೆಟ್ರೋಲ್ 2000ದಲ್ಲೇ ನಿಂತಿದೆ. ಎರಡನ್ನೂ ಮರೆತುಬಿಡಿ.

8.6ಕ್ಕೆ ನನ್ನ ಲೆಕ್ಕ: ಅರ್ಧ ಎಕ್ಸ್‌ಪಿ100, ಅರ್ಧ ಬಂಕಿನ ಇ20. ಆಕ್ಟೇನ್ ಸುಮಾರು 97 ಆಗುತ್ತದೆ. ಎಕ್ಸ್‌ಪಿ100ರಲ್ಲಿ ಎಥನಾಲ್ ಇಲ್ಲದ್ದರಿಂದ ಒಟ್ಟು ಎಥನಾಲ್ ಶೇ. 10ಕ್ಕೆ ಇಳಿಯುತ್ತದೆ, ಕಾರ್ಬುರೇಟರ್ ಸೆಟ್ಟಿಂಗೂ ಹೆಚ್ಚು ಕೆಡುವುದಿಲ್ಲ. ಬರೀ ಪೆಟ್ರೋಲ್ ಉರಿಯಲು ಗಾಳಿ 14.7 ಪಾಲು ಬೇಕಾದರೆ ಇ10ಗೆ 14.1, ಇ20ಗೆ 13.5ರ ಹತ್ತಿರ ಸಾಕು. ಹಳೇ ಸೆಟ್ಟಿಂಗಿನಲ್ಲಿ ಇ20 ಓಡಿಸಿದರೆ ಮಿಶ್ರಣ ಲೀನ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ) ಆಗುತ್ತದೆ. ಏರಿನಲ್ಲಿ ಇಂಜಿನ್ ಹೊಡೆಯಲು ಅದೂ ಕಾರಣ, ಆಕ್ಟೇನ್ ಮಾತ್ರವಲ್ಲ.

ಕೊಪ್ಪಳ_ಎಸ್‌ಯು:
ಇಲ್ಲಿ ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ. ಮುನ್ನೂರು ಕಿಲೋಮೀಟರ್ ದೂರದಿಂದ ಪೆಟ್ರೋಲ್ ಹೊತ್ತು ತರುವ ಮುಂಚೆ ಇ20ಯಲ್ಲೇ ಮಿಶ್ರಣ ಸರಿಮಾಡಿ ನೋಡಿ, ಖರ್ಚಿಲ್ಲದ ಕೆಲಸ. ಎಚ್‌ಡಿ6ರ ಮಿಕ್ಸ್ಚರ್ ಸ್ಕ್ರೂ ಬಲಕ್ಕೆ ತಿರುಗಿಸಿದರೆ ರಿಚ್, ಅಂದರೆ ಪೆಟ್ರೋಲ್ ಹೆಚ್ಚು. ಎರಡಕ್ಕೂ ಸಮನಾಗಿ ಕಾಲು ಸುತ್ತು ಕೊಡಿ, ನಂತರ ಒಂದೊಂದು ಕಾರ್ಬುರೇಟರಿನ ಒಳಗಿನ ಪಿಸ್ಟನ್ 0.8 ಮಿ.ಮೀ. ಎತ್ತಿ ನೋಡಿ. ಓಟ ತಕ್ಷಣ ಬಿದ್ದರೆ ಇನ್ನೂ ಲೀನ್, ಏರಿ ಅಲ್ಲೇ ನಿಂತರೆ ರಿಚ್. ಕ್ಷಣ ಏರಿ ಸಮಕ್ಕೆ ಬಂದರೆ ಸರಿ. ಐಡಲ್ ಸರಿಯಿದ್ದೂ ಏರಿನಲ್ಲಿ ಲೀನ್ ಆದರೆ ಒಂದು ಮೆಟ್ಟಿಲು ರಿಚ್ ಇರುವ ನೀಡಲ್ ಬೇಕು. ಅದಾದ ಮೇಲೂ ಕಿಣಿಕಿಣಿ ಇದ್ದರೆ ಟೈಮಿಂಗ್ 2 ಡಿಗ್ರಿ ರಿಟಾರ್ಡ್ (ಕಿಡಿ ತಡ) ಮಾಡಿ, ಒಟ್ಟು 4 ಮೀರಬೇಡಿ. ಅತಿಯಾಗಿ ರಿಟಾರ್ಡ್ ಆದರೆ ಎಕ್ಸಾಸ್ಟ್ ಕಾಯುತ್ತದೆ, 42 ಡಿಗ್ರಿ ಬಿಸಿಲಲ್ಲಿ ರೇಡಿಯೇಟರ್ ಕುದಿಯುತ್ತದೆ. ಅಷ್ಟಕ್ಕೂ ನಿಲ್ಲದಿದ್ದರೆ ಆಗ ಗಂಗಾವತಿಯವರ ಅರ್ಧರ್ಧ ಲೆಕ್ಕ ಒಪ್ಪುತ್ತೇನೆ.

ಬೂಸ್ಟರ್ ಬಾಟಲಿಯ ಮೇಲೆ ‘10 ಪಾಯಿಂಟ್’ ಅಂತಿದ್ದರೆ ಅದು 1 ಆಕ್ಟೇನ್, 10 ಅಲ್ಲ. ಎಂಎಂಟಿ (ಮ್ಯಾಂಗನೀಸ್ ಸಂಯುಕ್ತ) ಇರುವ ಬೂಸ್ಟರ್ ಪ್ಲಗ್ಗಿನ ಮೇಲೆ ಕೆಂಪು ಪದರ ಕೂರಿಸುತ್ತದೆ, ಪ್ಲಗ್ ಬಣ್ಣ ನೋಡಿ ಮಿಶ್ರಣ ಅಂದಾಜು ಮಾಡಲು ಆಗುವುದಿಲ್ಲ. ವಾಲ್ವ್ ಸೀಟ್ ಸವೆಯದಂತೆ ಹಾಕುವ ಸೀಸದ ಬದಲಿ ದ್ರವ ನಿಮಗೆ ಅಗತ್ಯವಿಲ್ಲ. ಎಕ್ಸ್‌ಕೆ ಹೆಡ್ ಅಲ್ಯೂಮಿನಿಯಂ, ವಾಲ್ವ್ ಸೀಟ್ ಬೇರೆ ಬಳೆಯಾಗಿ ಕೂರಿಸಿದ್ದು. ಹಳೇ ಅಂಬಾಸಡರ್‌ನಂಥ, ಎರಕದ ಕಬ್ಬಿಣದಲ್ಲೇ ಸೀಟ್ ಕೊರೆದ ಹೆಡ್ ಆಗಿದ್ದರೆ ಮಾತು ಬೇರೆ. ಅಲ್ಲಿ ಸೀಟ್ ಸವೆದಂತೆ ಟ್ಯಾಪೆಟ್ ಗ್ಯಾಪ್ ಕಡಿಮೆಯಾಗುತ್ತಾ ಬರುತ್ತದೆ.

ಪ್ರೀಮಿಯಂ ಅಂದಮಾತ್ರಕ್ಕೆ ಎಥನಾಲ್ ಇಲ್ಲ ಎಂದುಕೊಳ್ಳಬೇಡಿ. 100 ಮಿ.ಲೀ. ಅಳತೆ ಗಾಜಿನಲ್ಲಿ 10 ಮಿ.ಲೀ. ನೀರು, 90 ಮಿ.ಲೀ. ಪೆಟ್ರೋಲ್ ಹಾಕಿ ಅಲ್ಲಾಡಿಸಿ ಹತ್ತು ನಿಮಿಷ ಬಿಡಿ. ಕೆಳಗಿನ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 28ರ ಹತ್ತಿರ ಏರಿದರೆ ಇ20.

ರಾಯಚೂರು_ಸ್ಪ್ಯಾನರ್:
ತರಿಸಿದ್ರ 30 ಲೀಟರ್ ಮೀರಬ್ಯಾಡ್ರಿ, ಮನ್ಯಾಗ ಅದಕ್ಕಿಂತ ಹೆಚ್ಚಿಗಿ ಇಡಾಕ ಲೈಸೆನ್ಸ್ ಬೇಕು. ಮುಚ್ಚಳ ಇರೋ ಕಬ್ಬಿಣದ ಡಬ್ಬಿನಾಗ ತರ್ರಿ, ಪ್ಲಾಸ್ಟಿಕ್ ಕ್ಯಾನ್ ಬ್ಯಾಡ. ಮಳಿಗಾಲದಾಗ ಗಾಡಿ ತಿಂಗಳುಗಟ್ಟಲೆ ನಿಲ್ಲಿಸೋದಿದ್ರ ಟ್ಯಾಂಕಿನಾಗ ಇ20 ಬಿಡಬ್ಯಾಡ್ರಿ, ತೇವ ಎಳ್ಕೊಂಡು ತಳದಾಗ ನೀರು–ಎಥನಾಲ್ ಬ್ಯಾರೆ ಆಗಿ ಕೂಡ್ತೈತಿ, ಪಂಪ್ ಮೊದ್ಲ ಎಳಿಯೋದು ಅದನ್ನ. ನಿಲ್ಲಿಸೋ ಮುಂಚೆ ಎಕ್ಸ್‌ಪಿ100 ತುಂಬಿಸಿ, ಹತ್ತು ನಿಮಿಷ ಓಡಿಸಿ ಆಮ್ಯಾಲೆ ಇಡ್ರಿ.