ಚೆಲ್ಯಾಬಿನ್ಸ್ಕ್ ತುಣುಕು: ಒಂದೇ ಕಲ್ಲಿಗೆ ಎರಡು ಥರದ ಸಿಪ್ಪೆ ಯಾಕೆ?

ಪ್ರಶ್ನೆ:
2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸಿಡಿದ ಉಲ್ಕೆಯದ್ದು ಅಂತ ಬಂದಿರುವ 40 ಗ್ರಾಂ ತುಣುಕು ಕೈಯಲ್ಲಿದೆ. ಮೂರು ಮುಖಕ್ಕೆ ಕಪ್ಪು ಸಿಪ್ಪೆ, ಅಂಚು ನುಣುಪು. ನಾಲ್ಕನೆಯದು ತರಿತರಿ, ಮೇಲೆ ಕಂದು ಲೇಪ ಅಷ್ಟೆ. ಒಡೆದು ಬಣ್ಣ ಬಳಿದಿದ್ದಾರಾ? ಹೆಬ್ಬೆರಳು ಒತ್ತಿದಂಥ ಗುಳಿಗಳೂ ಇಲ್ಲ.

ಉತ್ತರ 1:
ಬಣ್ಣ ಅಂತ ಈಗಲೇ ತೀರ್ಮಾನಿಸಬೇಡಿ. ಅದು ಬಂದದ್ದು ಸೆಕೆಂಡಿಗೆ ಸುಮಾರು 19 ಕಿ.ಮೀ. ವೇಗದಲ್ಲಿ. ಮುಂದಿನ ಗಾಳಿಗೆ ಸರಿಯಲು ಪುರುಸೊತ್ತಿಲ್ಲ, ಒತ್ತಿಕೊಂಡೇ ಬಿಸಿಯೇರುತ್ತದೆ. ಉಜ್ಜಾಟದ ಪಾಲು ಕಡಿಮೆ. ಕರಗಿದ ಕಲ್ಲನ್ನು ಅದೇ ಗಾಳಿ ಹಿಂದಕ್ಕೆ ಬಳಿದೊಯ್ಯುತ್ತದೆ. ವೇಗ ಸೆಕೆಂಡಿಗೆ 3 ಕಿ.ಮೀ. ಆಸುಪಾಸಿಗೆ ಇಳಿದಾಗ ಕರಗುವುದು ನಿಂತು, ಉಳಿದ ಕೊನೆಯ ಪೊರೆ ಗಾಜಾಗಿ ಗಟ್ಟಿಯಾಗುತ್ತದೆ. ಅದೇ ಈ ಸಿಪ್ಪೆ. ಸಾಮಾನ್ಯವಾಗಿ 1 ಮಿ.ಮೀ.ಗಿಂತ ತೆಳು. ತಡವಾಗಿ ಒಡೆದ ಮುಖಕ್ಕೆ ಕರಗಲು ಸಮಯ ಸಾಲದು, ತರಿ ಹಾಗೇ ಉಳಿಯುತ್ತದೆ. ನಿಮ್ಮ ನಾಲ್ಕನೆಯ ಮುಖ ಅದೇ ಇರಬೇಕು. ನೆಲಕ್ಕೆ ಬಿದ್ದ ಮೇಲೆ ಒಡೆದಿದ್ದರೆ ಸಿಪ್ಪೆಯೇ ಇರುವುದಿಲ್ಲ.

ಹತ್ತುಪಟ್ಟಿನ ಮಸೂರದಲ್ಲಿ ಎರಡು ಸಿಪ್ಪೆ ಕೂಡುವ ಗೆರೆ ನೋಡಿ. ಕಪ್ಪು ಪದರದಲ್ಲಿ ಬತ್ತಿದ ಕೆರೆಯಂಗಳದಂಥ ಸಣ್ಣ ಬಿರುಕುಗಳಿದ್ದರೆ ಒಳ್ಳೆಯ ಲಕ್ಷಣ. ಬಣ್ಣವಾದರೆ ಗುಂಡಿಗಳಲ್ಲಿ ಮಡುಗಟ್ಟಿರುತ್ತದೆ. ಹತ್ತಿಕಡ್ಡಿಗೆ ಅಸಿಟೋನ್ ಅದ್ದಿ ಒಂದು ಮೂಲೆಯಲ್ಲಿ ಒರೆಸಿ. ನೀರು ಬೇಡ, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ.

ಉತ್ತರ 2:
ಗುಳಿಗಳ ಬಗ್ಗೆ: 40 ಗ್ರಾಂ ಕಲ್ಲಿನಲ್ಲಿ ಅವನ್ನು ಹುಡುಕಬೇಡಿ. ಚೆನ್ನಾಗಿ ಕಾಣುವುದು 1947ರಲ್ಲಿ ರಷ್ಯಾದ ಪೂರ್ವ ತುದಿಯಲ್ಲಿ ಬಿದ್ದ ಸಿಖೋಟೆ-ಅಲಿನ್ ಎಂಬ ಕಬ್ಬಿಣದ ಉಲ್ಕೆಯಲ್ಲಿ, ಅದೂ ಮೇಲೇ ಬೇರೆಯಾಗಿ ಒಂಟಿಯಾಗಿ ಹಾರಿದ ತುಂಡುಗಳಲ್ಲಿ. ಕೊನೆಗೆ ಸಿಡಿದ ಚೂರುಗಳು ಹರಿದ ತಗಡಿನಂತೆ ಮೊನಚು. ಕಬ್ಬಿಣಕ್ಕೆ ಶಾಖ ಒಳಗೂ ಇಳಿಯುತ್ತದೆ: ಕೊಯ್ದು ಆಮ್ಲ ಹಚ್ಚಿದರೆ ಅಂಚಿನ ಕೆಲವು ಮಿ.ಮೀ.ನಲ್ಲಿ ಲೋಹದ ಹರಳುಗಳ ಪಟ್ಟೆ ವಿನ್ಯಾಸ ಅಳಿಸಿರುತ್ತದೆ. ಕಲ್ಲಿನಲ್ಲಿ ಸಿಪ್ಪೆಯ ಕೆಳಗೇ ಮೂಲ ರಚನೆ ಉಳಿದಿರುತ್ತದೆ.

ಉತ್ತರ 3:
ಒಂದು ಸೇರ್ಪಡೆ: ಸಿಪ್ಪೆ ಮಂಕು ಕಪ್ಪೇ ಆಗಬೇಕೆಂದಿಲ್ಲ. ಯೂಕ್ರೈಟ್ ಎಂಬ ಬಗೆಯ ಕಲ್ಲಿನ ಉಲ್ಕೆಯದ್ದು ಎಣ್ಣೆ ಸವರಿದಂತೆ ಹೊಳೆಯುತ್ತದೆ.

ಪ್ರಶ್ನೆ ಕೇಳಿದವರು:
ಒರೆಸಿದೆ, ಹತ್ತಿ ಬೆಳ್ಳಗೇ ಇದೆ. ಕಂದು ಲೇಪ ಗೆರೆಯಲ್ಲಿ ಕಪ್ಪಿನ ಮೇಲೆ ಸ್ವಲ್ಪ ಹತ್ತಿದೆ. ಅಯಸ್ಕಾಂತ ಹಿಡಿದು ನೋಡಲಾ?

ಉತ್ತರ 1:
ಮೇಲೆ ಹತ್ತಿದ್ದರೆ ಅದು ಆಮೇಲೆ ಕರಗಿದ್ದು, ಸರಿಯಾಗಿದೆ. ಬಲವಾದ ಅಯಸ್ಕಾಂತ ಮುಟ್ಟಿಸಬೇಡಿ, ಕಲ್ಲಿನ ಹಳೆಯ ಕಾಂತೀಯ ದಾಖಲೆ ಅಳಿಸಿಹೋಗುತ್ತದೆ. ದಾರಕ್ಕೆ ಕಟ್ಟಿದ ಸಣ್ಣ, ದುರ್ಬಲವಾದದ್ದನ್ನು ಹತ್ತಿರ ಹಿಡಿದು, ವಾಲುತ್ತದೆಯಾ ನೋಡಿದರೆ ಸಾಕು.